ಕಥೆ ಕೇಳುವ ಮೊದಲು ಕೇಳಬೇಕಾದ್ದು

1700ನೇ ಇಸವಿ ಜನವರಿ 26ರ ರಾತ್ರಿ ಉತ್ತರ ಅಮೆರಿಕದ ಪಶ್ಚಿಮ ಕರಾವಳಿಯಲ್ಲಿ ಭಾರೀ ಭೂಕಂಪವಾಯಿತು. ತೀವ್ರತೆ 9ರ ಆಸುಪಾಸು. ದಿನಾಂಕ ಇಷ್ಟು ಕರಾರುವಾಕ್ಕಾಗಿ ವಿಜ್ಞಾನಿಗಳಿಗೆ ತಿಳಿದದ್ದು 1996ರಲ್ಲಿ, ಅದೂ ಜಪಾನಿನ ಹಳೆಯ ದಫ್ತರಗಳಿಂದ. ಅಲ್ಲಿ ನೆಲ ನಡುಗದೆಯೇ ಸಮುದ್ರ ಉಕ್ಕಿ ಊರೊಳಗೆ ಬಂದದ್ದನ್ನು ಆ ಕಾಲದವರು ಬರೆದಿಟ್ಟಿದ್ದರು. ಆದರೆ ಕೆನಡಾದ ವ್ಯಾಂಕೂವರ್ ದ್ವೀಪದ ಪಚೀನಾ ಕೊಲ್ಲಿಯ ಮೂಲನಿವಾಸಿಗಳಾದ ಹೂ-ಏ-ಆತ್ ಜನರಿಗೆ ಈ ಸಂಗತಿ ಹೊಸದಲ್ಲ. ಅವರ ಮುಖ್ಯಸ್ಥರಲ್ಲೊಬ್ಬರಾದ ಲೂಯಿ ನೂಕ್ಮಿಸ್ 1964ರಲ್ಲೇ ಹೇಳಿದ್ದು ದಾಖಲಾಗಿದೆ: ರಾತ್ರಿ ಹೊತ್ತು ನೆಲ ಅದುರಿತು, ಆಮೇಲೆ ದೊಡ್ಡ ಅಲೆ ದಡಕ್ಕೆ ಅಪ್ಪಳಿಸಿತು, ಎದ್ದು ದೋಣಿ ಹಿಡಿಯುವಷ್ಟೂ ಹೊತ್ತಿರಲಿಲ್ಲ, ದಡದಲ್ಲಿದ್ದ ಊರಿಗೆ ಊರೇ ಹೋಯಿತು. ಗುಡ್ಡಕ್ಕೆ ಒತ್ತಿಕೊಂಡು ಎತ್ತರದಲ್ಲಿ ಮನೆ ಮಾಡಿಕೊಂಡಿದ್ದವರು ಉಳಿದರು. ಎರಡೂವರೆ ಶತಮಾನ ಬಾಯಿಂದ ಬಾಯಿಗೆ ಬಂದ ಮಾತಿದು.

ಕೆನಡಾದ ಶಾಲೆಗಳಲ್ಲಿ ಕಲಿಸುತ್ತಿರುವ ಕನ್ನಡಿಗರು ಈಗ ಸಾಕಷ್ಟು ಇದ್ದಾರೆ. ವಾರಾಂತ್ಯದಲ್ಲಿ ಕನ್ನಡ ತರಗತಿ ನಡೆಸುವವರೂ ಇದ್ದಾರೆ. ಮೂಲನಿವಾಸಿಗಳ ಕಥೆಯನ್ನು ತರಗತಿಗೆ ತರುವುದು ಹೇಗೆ ಎನ್ನುವವರಿಗೆ ನಾವು ಮೊದಲು ತೋರಿಸುವುದು ಈ ಪಚೀನಾ ಕೊಲ್ಲಿಯ ಕಥೆಯನ್ನೇ. ಸಾರ್ವಜನಿಕವಾಗಿ ಹಂಚಿಕೊಂಡಿರುವ ಕಥೆ, ಯಾರದೆಂದು ಸ್ಪಷ್ಟವಾಗಿ ಗೊತ್ತಿರುವ ಕಥೆ, ಮತ್ತು ಆರರಿಂದ ಒಂಬತ್ತನೇ ತರಗತಿಯ ಮಕ್ಕಳಿಗೆ ನಾಲ್ಕು ಪೀರಿಯಡ್‌ಗಳಲ್ಲಿ ಚೆನ್ನಾಗಿ ಕೂರುತ್ತದೆ.

ಇಲ್ಲಿ ಯಾವುದು ಮೊದಲು, ಯಾವುದು ಆಮೇಲೆ ಎನ್ನುವುದೇ ಮುಖ್ಯ. ಮೊದಲ ಪೀರಿಯಡ್‌ನಲ್ಲಿ ಬರೀ ಕಥೆ. ಯಾರ ಕಥೆ, ಯಾರು ಹೇಳಿದ್ದು, ಎಲ್ಲಿಯದು ಎಂದು ಹೇಳಿ ಓದಬೇಕು. ಸ್ವಲ್ಪ ಹೊತ್ತು ಬಿಟ್ಟು ಇನ್ನೊಮ್ಮೆ ಓದಬೇಕು. ಎರಡನೆಯದರಲ್ಲಿ ಕೊಲ್ಲಿಯ ನಕ್ಷೆ: ಎತ್ತರದ ಗೆರೆಗಳಿರುವ ನಕ್ಷೆ ಕೊಟ್ಟು, ಅಲೆ ಎಲ್ಲಿಯವರೆಗೆ ಬಂದಿರಬಹುದೆಂದು ಮಕ್ಕಳೇ ಬಣ್ಣ ತುಂಬಲಿ. ಮೂರನೆಯದರಲ್ಲಿ ಮರದ ಉಂಗುರಗಳು. ವಾಷಿಂಗ್ಟನ್ ರಾಜ್ಯದ ಕರಾವಳಿಯಲ್ಲಿ ನೆಲ ಕುಸಿದು, ಉಪ್ಪುನೀರು ನುಗ್ಗಿ ಸತ್ತ ಸೀಡರ್ ಮರಗಳ ಬೇರುಗಳ ಕೊನೆಯ ಉಂಗುರ 1699ರ ಬೆಳವಣಿಗೆಯದು. ಅಂದರೆ ಸಾವು ಆ ಚಳಿಗಾಲದಲ್ಲಿ. ನಾಲ್ಕನೆಯದರಲ್ಲಿ ಜಪಾನಿನ ದಾಖಲೆ. ಕೊನೆಗೆ ಒಂದು ಪ್ರಶ್ನೆ: ಮರಕ್ಕೂ ದಫ್ತರಕ್ಕೂ ಗೊತ್ತಿಲ್ಲದ ಯಾವ ಸಂಗತಿ ಕಥೆಯಲ್ಲಿದೆ? ಮಕ್ಕಳು ಕಂಡುಕೊಳ್ಳುತ್ತಾರೆ. ದೋಣಿ ಹಿಡಿಯಲು ಹೊತ್ತಿರಲಿಲ್ಲ ಎಂಬುದು ಕಥೆಯಲ್ಲಿ ಮಾತ್ರ ಇದೆ. ಯಾರು ಉಳಿದರು, ಯಾಕೆ ಉಳಿದರು ಎಂಬುದೂ ಅಷ್ಟೇ.

ಇದನ್ನು ತಿರುವು ಮುರುವು ಮಾಡಿದರೆ ಪಾಠ ಕೆಡುತ್ತದೆ. ವಿಜ್ಞಾನ ಮೊದಲು ಹೇಳಿ, "ನೋಡಿ, ಕಥೆಯೂ ನಿಜವಂತೆ" ಎಂದು ಮುಗಿಸುವವರು ಬಹಳ. ಹಲಗೆಯ ಮೇಲೆ ಎರಡು ಕಾಲಂ ಎಳೆದು ಒಂದರ ಮೇಲೆ "ಪುರಾಣ", ಇನ್ನೊಂದರ ಮೇಲೆ "ವಾಸ್ತವ" ಎಂದು ಬರೆಯುವವರೂ ಇದ್ದಾರೆ. ಆ ಎರಡು ಕಾಲಂ ಬಿದ್ದ ಮೇಲೆ ಮಗು ಕಥೆಯನ್ನು ಸಾಕ್ಷಿಯಾಗಿ ಕೇಳುವುದಿಲ್ಲ, ರಂಜನೆಯಾಗಿ ಕೇಳುತ್ತದೆ.

ನ್ಯಾಯಾಲಯಗಳೇ ಈ ತಪ್ಪು ತಿದ್ದಿಕೊಳ್ಳಲು ವರ್ಷಗಟ್ಟಲೆ ಬೇಕಾಯಿತು. ಬ್ರಿಟಿಷ್ ಕೊಲಂಬಿಯಾದ ಗಿಟ್‌ಕ್ಸಾನ್ ಮತ್ತು ವೆಟ್‌ಸುವೆಟೆನ್ ಜನ ತಮ್ಮ ನೆಲದ ಹಕ್ಕಿಗಾಗಿ ಹೂಡಿದ ದೆಲ್ಗಮೂಕ್ ಮೊಕದ್ದಮೆಯ ವಿಚಾರಣೆ 374 ದಿನ ನಡೆಯಿತು. ಗಿಟ್‌ಕ್ಸಾನರ ಪ್ರತಿಯೊಂದು ಮನೆತನಕ್ಕೂ ತನ್ನದೇ 'ಅದಾಉಕ್' ಇರುತ್ತದೆ. ಮನೆತನ ಎಲ್ಲಿಂದ ಬಂತು, ಯಾವ ಹೊಳೆ ಯಾವ ಗುಡ್ಡ ತನ್ನದು ಎಂಬ ಇತಿಹಾಸ ಅದು. ಅದರ ಭಾಗವಾದ ಹಾಡನ್ನು ಹಿರಿಯರಾದ ಮೇರಿ ಜಾನ್ಸನ್ ಸಾಕ್ಷಿಕಟ್ಟೆಯಲ್ಲಿ ಹಾಡಲು ಹೊರಟಾಗ, ಹಾಡು ತನ್ನ ಕಿವಿಗೆ ಹತ್ತದು ಎಂಬರ್ಥದ ಮಾತನ್ನು ನ್ಯಾಯಾಧೀಶರು ಆಡಿದರು. 1991ರ ತೀರ್ಪು ಮೂಲನಿವಾಸಿಗಳ ವಿರುದ್ಧ ಬಂತು. 1997ರ ಡಿಸೆಂಬರ್ 11ರಂದು ಕೆನಡಾದ ಸುಪ್ರೀಂ ಕೋರ್ಟು, ಮೌಖಿಕ ಇತಿಹಾಸವನ್ನು ಲಿಖಿತ ದಾಖಲೆಗೆ ಸಮನಾಗಿ ತೂಗಬೇಕು ಎಂದು ಹೇಳಿ ಮರುವಿಚಾರಣೆಗೆ ಆದೇಶಿಸಿತು. ಹನ್ನೊಂದು, ಹನ್ನೆರಡನೇ ತರಗತಿಗೆ ಇದಕ್ಕಿಂತ ಒಳ್ಳೆಯ ಪಾಠ ಕಡಿಮೆ.

ಇಷ್ಟು ಗಟ್ಟಿಯಾಗಿದ್ದ ಪರಂಪರೆಯನ್ನು ಕಡಿದದ್ದು ಶಾಲೆ. ಇದನ್ನು ಮೆದುಗೊಳಿಸಿ ಹೇಳಬಾರದು. 1831ರಲ್ಲಿ ಬ್ರಾಂಟ್‌ಫರ್ಡ್‌ನ ಮೊಹಾಕ್ ಇನ್ಸ್ಟಿಟ್ಯೂಟ್ ಮಕ್ಕಳನ್ನು ಇಟ್ಟುಕೊಳ್ಳಲು ಶುರು ಮಾಡಿದ್ದು ಮೊದಲ್ಗೊಂಡು 1990ರ ದಶಕದ ಕೊನೆಯವರೆಗೆ, ಒಂದೂವರೆ ಲಕ್ಷಕ್ಕೂ ಹೆಚ್ಚು ಫಸ್ಟ್ ನೇಷನ್ಸ್, ಮೇಟಿ ಮತ್ತು ಇನುಯಿಟ್ ಎಂಬ ಮೂರು ಮೂಲನಿವಾಸಿ ಗುಂಪುಗಳ ಮಕ್ಕಳು ವಸತಿಶಾಲೆಗಳನ್ನು ಹಾದುಹೋದರು. ಮಕ್ಕಳನ್ನು ಮನೆಯಿಂದ, ನುಡಿಯಿಂದ ದೂರ ಮಾಡಲು ಸರ್ಕಾರ ಮತ್ತು ಚರ್ಚುಗಳು ನಡೆಸಿದ ಶಾಲೆಗಳಿವು. 1920ರಲ್ಲಿ ಇಂಡಿಯನ್ ಕಾಯ್ದೆಗೆ (ಮೂಲನಿವಾಸಿಗಳ ಮೇಲೆ ಕೆನಡಾ ಹೇರಿದ ಕಾನೂನು) ತಿದ್ದುಪಡಿ ತಂದು ಹಾಜರಿಯನ್ನು ಕಡ್ಡಾಯ ಮಾಡಲಾಯಿತು. ತಾಯಿನುಡಿ ಆಡಿದ ಮಕ್ಕಳಿಗೆ ಏಟು ಬಿತ್ತು. ಪಶ್ಚಿಮ ಕರಾವಳಿಯಲ್ಲಿ ಮನೆತನದ ಕಥೆಗಳನ್ನು ಸಾಕ್ಷಿಗಳ ಮುಂದೆ ಹೇಳುತ್ತಿದ್ದ ಪಾಟ್ಲಾಚ್ ಸಮಾರಂಭವನ್ನು ಅದೇ ಕಾಯ್ದೆಯ 1884ರ ತಿದ್ದುಪಡಿ ಅಪರಾಧವಾಗಿಸಿತು. ಆ ನಿಷೇಧ ಹೋದದ್ದು 1951ರಲ್ಲಿ.

ಇದರಲ್ಲಿ ಹೆಚ್ಚಿನವರ ಗಮನಕ್ಕೆ ಬಾರದ ಒಂದು ಅಂಶವಿದೆ. ಅನಿಶಿನಾಬೆ ಮತ್ತು ಕ್ರೀ ಜನರಲ್ಲಿ ನಾನಬೋಜೊ, ವೀಸಕೇಚಾಕ್ ಮುಂತಾದವರ ಪವಿತ್ರ ಕಥೆಗಳನ್ನು ನೆಲದ ಮೇಲೆ ಹಿಮ ಇರುವಾಗ ಮಾತ್ರ ಹೇಳುವುದು ರೂಢಿ. ವಸತಿಶಾಲೆಯ ಮಕ್ಕಳನ್ನು ಮನೆಗೆ ಬಿಟ್ಟರೆ ಬಿಡುತ್ತಿದ್ದುದು ಬೇಸಿಗೆಯಲ್ಲಿ. ಅಂದರೆ ವರ್ಷದಲ್ಲಿ ಮನೆಯಲ್ಲಿರುತ್ತಿದ್ದ ಅಷ್ಟು ದಿನವೂ ಕಥೆಯ ಕಾಲವಲ್ಲ. ಅಜ್ಜಿಯ ನುಡಿಯೇ ಮರೆತುಹೋಗಿರುವ ಮಗು, ಅಜ್ಜಿ ಕಥೆ ಹೇಳಬಾರದ ಋತುವಿನಲ್ಲಿ ಮನೆಗೆ ಬರುತ್ತಿತ್ತು. ಒಂದು ತಲೆಮಾರು ಕಳೆಯುವಷ್ಟರಲ್ಲಿ ಏನಾಗಿರಬಹುದು ಎಂದು ಯಾರಿಗಾದರೂ ಅರ್ಥವಾಗುತ್ತದೆ.

ಮರ‍್ರೇ ಸಿಂಕ್ಲೇರ್ ಅಧ್ಯಕ್ಷತೆಯ, ವಸತಿಶಾಲೆಗಳ ಇತಿಹಾಸ ವಿಚಾರಿಸಲು ರಚಿಸಿದ ಸತ್ಯ ಮತ್ತು ಸಾಮರಸ್ಯ ಆಯೋಗ ಆರೂವರೆ ಸಾವಿರಕ್ಕೂ ಹೆಚ್ಚು ಜನರ ಮಾತು ಕೇಳಿ 2015ರಲ್ಲಿ 94 ಕರೆಗಳನ್ನು ಕೊಟ್ಟಿತು. 62ನೆಯ ಕರೆ ಶಾಲೆಗೆ ಸಂಬಂಧಿಸಿದ್ದು: ವಸತಿಶಾಲೆಗಳು, ಒಪ್ಪಂದಗಳು, ಮೂಲನಿವಾಸಿಗಳ ಕೊಡುಗೆ, ಇವನ್ನು ಶಿಶುವಿಹಾರದಿಂದ ಹನ್ನೆರಡರವರೆಗೆ ಕಡ್ಡಾಯವಾಗಿ ಕಲಿಸಬೇಕು, ಅದೂ ಬದುಕುಳಿದವರ ಜೊತೆ ಸಮಾಲೋಚಿಸಿ. ಬ್ರಿಟಿಷ್ ಕೊಲಂಬಿಯಾದಲ್ಲಿ 2023-24ರಿಂದ ಪ್ರೌಢಶಾಲೆ ಮುಗಿಸಲು ಮೂಲನಿವಾಸಿ ವಿಷಯದಲ್ಲಿ ನಾಲ್ಕು ಕ್ರೆಡಿಟ್ ಬೇಕೇ ಬೇಕು. ಹೀಗಾಗಿ ಶಿಕ್ಷಕರು ಕಥೆಗಳ ಹುಡುಕಾಟದಲ್ಲಿದ್ದಾರೆ. ಆದರೆ ಕಿತ್ತುಕೊಂಡದ್ದು ಶಾಲೆ, ಈಗ ಕೈಚಾಚಿ ಕೇಳುತ್ತಿರುವುದೂ ಶಾಲೆ. ಕೇಳುವ ಕ್ರಮ ಸರಿಯಿಲ್ಲದಿದ್ದರೆ ಕಿತ್ತುಕೊಳ್ಳುವುದೇ ಮುಂದುವರಿದಂತೆ.

ಹಾಗಾದರೆ ಕ್ರಮ ಏನು?

ಮೊದಲು ಶಾಲೆ ಯಾರ ನೆಲದಲ್ಲಿದೆ ಎಂದು ತಿಳಿದುಕೊಳ್ಳಬೇಕು. ಕನ್ನಡಿಗರು ಹೆಚ್ಚಾಗಿರುವ ಬ್ರಾಂಪ್ಟನ್ 1818ರ ಅಜೆಟನ್ಸ್ ಒಪ್ಪಂದದ ನೆಲ, ಅಂದರೆ 19ನೇ ಒಪ್ಪಂದ. 6,48,000 ಎಕರೆ ಅದರಲ್ಲಿ ಬ್ರಿಟಿಷ್ ಆಡಳಿತದ ಪಾಲಾಯಿತು. ಟೊರಾಂಟೊ 1805ರ 13ನೇ ಒಪ್ಪಂದದ್ದು. ಅದಕ್ಕೆ ಕೊಟ್ಟ ಬೆಲೆ 10 ಶಿಲ್ಲಿಂಗ್. 2010ರಲ್ಲಿ ಕೇಂದ್ರ ಸರ್ಕಾರ 14.5 ಕೋಟಿ ಡಾಲರ್ ಪರಿಹಾರ ಕೊಟ್ಟು ಆ ವ್ಯಾಜ್ಯ ಬಗೆಹರಿಸಿತು. ಎರಡರಲ್ಲೂ ಎದುರು ಪಕ್ಷ ಮಿಸಿಸಾಗಾಸ್ ಆಫ್ ದ ಕ್ರೆಡಿಟ್, ಅನಿಶಿನಾಬೆ ಜನ. ಇಂಟರ್‌ನೆಟ್ಟಿನ ನಕ್ಷೆಗಳು ಸುಳಿವಿಗೆ ಸಾಕು, ತೀರ್ಮಾನಕ್ಕೆ ಸಾಲವು. ಆ ಜನರೇ ನಡೆಸುವ ಜಾಲತಾಣ ನೋಡಿ, ಶಿಕ್ಷಣ ಮಂಡಳಿಯ ಮೂಲನಿವಾಸಿ ಶಿಕ್ಷಣ ವಿಭಾಗಕ್ಕೆ ಫೋನ್ ಮಾಡಿ. ಬ್ರಾಂಪ್ಟನ್ನಿನ ಮಕ್ಕಳಿಗೆ ಪಶ್ಚಿಮ ಕರಾವಳಿಯ ಕಾಗೆರಾಜನ ಕಥೆಯಿಂದ ಶುರು ಮಾಡುವುದು ತಪ್ಪೆಂದಲ್ಲ. ಆದರೆ ಕಾಲಡಿಯ ನೆಲದ ಕಥೆ ಬಿಟ್ಟು ನಾಲ್ಕು ಸಾವಿರ ಕಿಲೋಮೀಟರ್ ಆಚೆಯದನ್ನು ಹಿಡಿದರೆ, ಮೂಲನಿವಾಸಿಗಳೆಂದರೆ ಎಲ್ಲೋ ದೂರದವರು ಎಂಬ ಭಾವನೆಯೇ ಮಕ್ಕಳಲ್ಲಿ ಉಳಿಯುತ್ತದೆ.

ಎರಡನೆಯದು ಕಾಲ. ಶಾಲೆಗಳು ಕಥೆಗಾರರನ್ನು ಕರೆಯುವುದು ಸಾಮಾನ್ಯವಾಗಿ ಎರಡು ಸಲ: ವಸತಿಶಾಲೆಯ ಮಕ್ಕಳ ನೆನಪಿಗೆ ಕಿತ್ತಳೆ ಅಂಗಿ ತೊಡುವ ಸೆಪ್ಟೆಂಬರ್ 30ರ ಸುತ್ತ, ಆಮೇಲೆ ಜೂನ್‌ನಲ್ಲಿ. ಎರಡೂ ಹಿಮವಿಲ್ಲದ ತಿಂಗಳು. ಕ್ಯಾಲೆಂಡರ್ ನೋಡದೆ "ಒಂದು ನಾನಬೋಜೊ ಕಥೆ ಹೇಳಿ" ಎಂದರೆ ಆ ಹಿರಿಯರನ್ನು ಮುಜುಗರಕ್ಕೆ ತಳ್ಳಿದಂತೆ. ಅನಿಶಿನಾಬೆಯವರಲ್ಲಿ ಪವಿತ್ರ ಕಥೆ ಬೇರೆ, ನಡೆದ ಸಂಗತಿ, ಬದುಕಿನ ಅನುಭವ ಹೇಳುವುದು ಬೇರೆ. ಎರಡನೆಯದಕ್ಕೆ ಋತುವಿನ ಕಟ್ಟು ಇಲ್ಲ. ಆದ್ದರಿಂದ ಸೆಪ್ಟೆಂಬರ್‌ನಲ್ಲಿ ಊರಿನ, ಒಪ್ಪಂದದ, ನೀರಿನ ಕುರಿತ ಮಾತಿಗೆ ಕರೆಯಿರಿ. ಪವಿತ್ರ ಕಥೆಯ ಬಗ್ಗೆ ಅಕ್ಟೋಬರ್‌ನಲ್ಲಿ ವಿಚಾರಿಸಿ ಜನವರಿ, ಫೆಬ್ರವರಿಗೆ ದಿನ ಗೊತ್ತು ಮಾಡಿಕೊಳ್ಳಿ.

ಮೂರನೆಯದು ಕೇಳುವ ರೀತಿ, ಇದಕ್ಕೆ ಹೆಚ್ಚು ಗಮನ ಬೇಕು. 'ಎಲ್ಡರ್' ಎಂಬುದು ವಯಸ್ಸಿನಿಂದ ಬರುವುದಲ್ಲ, ಆ ಸಮುದಾಯ ಕೊಡುವ ಸ್ಥಾನ. ತಾನು ಮೂಲನಿವಾಸಿ ಎಂದು ಹೇಳಿಕೊಂಡು ಶಾಲೆ ಶಾಲೆ ತಿರುಗುವವರೂ ಇರುವುದರಿಂದ, ಯಾವ ಸಮುದಾಯ ಅವರನ್ನು ಗುರುತಿಸುತ್ತದೆ ಎಂದು ಮಂಡಳಿಯ ಮೂಲಕ ಖಚಿತ ಮಾಡಿಕೊಳ್ಳಬೇಕು. ಅನಿಶಿನಾಬೆ, ಕ್ರೀ ಹಿರಿಯರನ್ನು ಕೇಳುವಾಗ ತಂಬಾಕು ಕೊಡುವುದು ಕ್ರಮ. ಅಂಗೈಯಗಲದ ಚೌಕ ಹತ್ತಿಬಟ್ಟೆಯಲ್ಲಿ ಒಂದು ಸಣ್ಣ ಹಿಡಿ ಬಿಡಿ ತಂಬಾಕು ಇಟ್ಟು, ಮೂಲೆ ಕೂಡಿಸಿ ದಾರದಿಂದ ಕಟ್ಟಿದರಾಯಿತು. ಅನೇಕ ಕಡೆ ಇದನ್ನು ಹಿಡಿಯುವುದು ಎಡಗೈಯಲ್ಲಿ, ಹೃದಯಕ್ಕೆ ಹತ್ತಿರದ ಕೈ ಎಂದು. ಎಡಗೈಯಲ್ಲಿ ಕೊಡಬಾರದು ಎಂದು ಬೆಳೆದ ನಮ್ಮವರಿಗೆ ಇದು ಥಟ್ಟನೆ ಬರುವುದಿಲ್ಲ, ಮೊದಲೇ ನೆನಪಿಟ್ಟುಕೊಳ್ಳಿ. ಏನು ಬೇಕು, ಎಷ್ಟು ಮಕ್ಕಳು, ಯಾವ ವಯಸ್ಸು, ಯಾಕೆ ಎಂದು ಮೊದಲು ಬಾಯಿಬಿಟ್ಟು ಹೇಳಿ, ಆಮೇಲೆ ನೀಡಿ. ತೆಗೆದುಕೊಂಡರೆ ಒಪ್ಪಿದಂತೆ. ತೆಗೆದುಕೊಳ್ಳದಿದ್ದರೆ ಅಲ್ಲಿಗೆ ಬಿಡಬೇಕು, ಕಾರಣ ಕೆದಕಬಾರದು. ಭಾಷಣ ಮುಗಿದ ಮೇಲೆ ವೇದಿಕೆಯಲ್ಲಿ ಹೂಗುಚ್ಛದ ಹಾಗೆ ತಂಬಾಕು ಕೊಡುವುದನ್ನು ಕಾಣುತ್ತೇವೆ. ಅದು ಕೋರಿಕೆಯ ಗುರುತು, ಬಹುಮಾನವಲ್ಲ.

ತಂಬಾಕು ಕೊಳ್ಳಲು ಮಕ್ಕಳನ್ನು ಕಳಿಸುವ ಹಾಗಿಲ್ಲ. ಕಾನೂನು ಒಪ್ಪದು. ಇನ್ನು ಎಲ್ಲರಿಗೂ ತಂಬಾಕು ಎಂದುಕೊಳ್ಳುವುದೂ ತಪ್ಪು. ಇನುಯಿಟ್ ಹಿರಿಯರಿಗೆ ಇದು ಪದ್ಧತಿಯಲ್ಲ. ಪಶ್ಚಿಮ ಕರಾವಳಿಯಲ್ಲಿ ಕಂಬಳಿ ಅಥವಾ ಬೇರೆ ಉಡುಗೊರೆ ಇರಬಹುದು. ಕೋಸ್ಟ್ ಸೇಲಿಷ್ ಜನರಲ್ಲಿ ಸಮಾರಂಭಕ್ಕೆ ಸಾಕ್ಷಿಗಳನ್ನು ಹೆಸರು ಹಿಡಿದು ಕರೆದು, ಕೈಗೆ ನಾಣ್ಯ ಕೊಡುತ್ತಾರೆ. ಪಡೆದವರು ಕಂಡದ್ದನ್ನು ನೆನಪಿಟ್ಟು ಮುಂದೆ ಹೇಳುವ ಹೊಣೆ ಹೊರುತ್ತಾರೆ. ಹಾಗಾಗಿ ಗೊತ್ತಿಲ್ಲದಾಗ "ನಿಮ್ಮಲ್ಲಿ ಕೇಳುವ ಕ್ರಮ ಹೇಗೆ?" ಎಂದು ವಿಭಾಗದವರನ್ನೇ ವಿಚಾರಿಸುವುದು ಲೇಸು.

ಉಡುಗೊರೆ ಬೇರೆ, ಗೌರವಧನ ಬೇರೆ. ಹಣದ ವಿಷಯದಲ್ಲಿ ಶಾಲೆಗಳು ಪದೇ ಪದೇ ಎಡವುತ್ತವೆ. ಹಿರಿಯರೊಬ್ಬರು ಎರಡು ಗಂಟೆ ಕಾರು ಓಡಿಸಿಕೊಂಡು ಬಂದು ಕಥೆ ಹೇಳಿ ಹೋಗುತ್ತಾರೆ. ಆಮೇಲೆ ಅವರಿಗೆ ಪೂರೈಕೆದಾರರ ಅರ್ಜಿ, ಬ್ಯಾಂಕ್ ವಿವರ, ಇನ್‌ವಾಯ್ಸ್ ಕಳಿಸಿ ಎಂದು ಈಮೇಲ್ ಹೋಗುತ್ತದೆ, ಹಣ ತಿಂಗಳುಗಟ್ಟಲೆ ಬರುವುದಿಲ್ಲ. ಆ ಕಾಗದಪತ್ರವನ್ನು ಶಾಲೆಯೇ ಕನಿಷ್ಠ ಆರು ವಾರ ಮುಂಚೆ ಮುಗಿಸಿ, ಚೆಕ್ಕನ್ನು ಲಕೋಟೆಯಲ್ಲಿಟ್ಟು ಅದೇ ದಿನ ಕೊಡುವ ಏರ್ಪಾಡು ಮಾಡಬೇಕು. ಪೆಟ್ರೋಲು, ಊಟ, ಜೊತೆಗೆ ಬರುವ ಸಹಾಯಕರ ಖರ್ಚು ಇವೆಲ್ಲ ಗೌರವಧನದ ಮೇಲೆ, ಅದರೊಳಗಲ್ಲ.

ಬಂದ ದಿನ ಬಾಗಿಲ ಹತ್ತಿರ ಪಾರ್ಕಿಂಗ್ ಇರಲಿ, ಕರೆದುಕೊಂಡು ಬರಲು ಒಬ್ಬರು ಹೊರಗೆ ಕಾದಿರಲಿ, ಕೈಹಿಡಿಯಿರುವ ಕುರ್ಚಿ, ಬಿಸಿ ಚಹಾ, ನೀರು ಇರಲಿ. ಒಂದು ಸಲಕ್ಕೆ ಒಂದೇ ತರಗತಿ. ಜಿಮ್‌ನಲ್ಲಿ ನಾನೂರು ಮಕ್ಕಳನ್ನು ಸಾಲಾಗಿ ಕೂರಿಸಿ ಮೈಕ್ ಕೊಟ್ಟರೆ ಕಥೆ ಭಾಷಣವಾಗಿಬಿಡುತ್ತದೆ. ಮಕ್ಕಳು ವೃತ್ತವಾಗಿ ಕೂತರೆ ಒಳ್ಳೆಯದು. ಸರದಿ ಸಾಗುವ ದಿಕ್ಕನ್ನು ಬಂದವರೇ ಹೇಳಲಿ. ಅನಿಶಿನಾಬೆಯವರಲ್ಲಿ ಅದು ಗಡಿಯಾರದ ದಿಕ್ಕು, ಹೋಡನೊಶೋನಿಯವರಲ್ಲಿ (ಇರೊಕ್ವಾ ಒಕ್ಕೂಟದ ಜನ) ಅದಕ್ಕೆ ವಿರುದ್ಧ. ಪ್ರಾರ್ಥನೆಗೆಂದು ಸೇಜ್ ಸೊಪ್ಪಿನ ಹೊಗೆ ಹಾಕುವುದಿದ್ದರೆ ಎರಡು ದಿನ ಮುಂಚೆ ಕಚೇರಿಗೆ, ಕಟ್ಟಡ ನೋಡಿಕೊಳ್ಳುವವರಿಗೆ ತಿಳಿಸಿ, ಉಬ್ಬಸ ಇರುವ ಮಕ್ಕಳ ಮನೆಗೆ ಚೀಟಿ ಕಳಿಸಿ. ಇಲ್ಲದಿದ್ದರೆ ಪ್ರಾರ್ಥನೆಯ ನಡುವೆ ಬೆಂಕಿಯ ಗಂಟೆ ಹೊಡೆದು ಇಡೀ ಶಾಲೆ ಅಂಗಳಕ್ಕೆ ಬರುತ್ತದೆ. ಗಂಟೆಗೆ ಸರಿಯಾಗಿ ಮುಗಿಸಬೇಕೆಂಬ ಅವಸರ ಬೇಡ. ಮುಂದಿನ ಪೀರಿಯಡ್ ಕೂಡ ಖಾಲಿ ಇಟ್ಟುಕೊಳ್ಳಿ.

ಕೇಳುವಾಗ ಮಕ್ಕಳು ಬರೆದುಕೊಳ್ಳಬಾರದು. ರೆಕಾರ್ಡಿಂಗ್ ಬೇಡ, ಫೋಟೋ ಬೇಡ, ಅವರೇ ಹೇಳಿದರೆ ಮಾತ್ರ ಸರಿ. ಧ್ವನಿ ಹಿಡಿದಿಟ್ಟವರಿಗೆ, ಪುಸ್ತಕ ಮಾಡಿದವರಿಗೆ ಕಾನೂನು ಹಕ್ಕು ಕೊಡುತ್ತದೆ, ತಲೆಮಾರುಗಳಿಂದ ಕಾಪಾಡಿದ ಮನೆತನಕ್ಕಲ್ಲ. ಹಳೆಯ ಮಾನವಶಾಸ್ತ್ರಜ್ಞರ ಸಂಗ್ರಹಗಳಲ್ಲಿ ಆದದ್ದು ಇದೇ. ಶಿಕ್ಷಕರ ಫೋನು ಅದನ್ನು ಮತ್ತೆ ಮಾಡಬಾರದು.

ಮುಗಿದ ತಕ್ಷಣ "ಈ ಕಥೆಯ ನೀತಿ ಏನು?" ಎನ್ನಬೇಡಿ. ಸ್ಟಾಲೊ ಜನಾಂಗದ ವಿದ್ವಾಂಸೆ ಜೋ-ಆನ್ ಆರ್ಚಿಬಾಲ್ಡ್ ಕಥೆಯ ಮೂಲಕ ಕಲಿಯುವುದರ ಬಗ್ಗೆ ದಶಕಗಳ ಕಾಲ ಹಿರಿಯರ ಜೊತೆ ಕೂತು ಏಳು ತತ್ವಗಳನ್ನು ಗುರುತಿಸಿದರು. ಗೌರವ, ಹೊಣೆ, ಕೊಡು-ಕೊಳ್ಳುವಿಕೆ, ಭಕ್ತಿ ಅದರಲ್ಲಿ ಮೊದಲ ನಾಲ್ಕು. ಉಳಿದ ಮೂರು ಸಮಗ್ರತೆ, ಪರಸ್ಪರ ಸಂಬಂಧ, ಮತ್ತು ಹೇಳುವವರು, ಕೇಳುವವರು, ಕಥೆ ಕೂಡಿದಾಗ ಹುಟ್ಟುವ ಶಕ್ತಿ. ಅರ್ಥವನ್ನು ಕೇಳುಗರೇ ತಮ್ಮ ಬದುಕಿನಿಂದ ಕಟ್ಟಿಕೊಳ್ಳಬೇಕು ಎಂಬುದು ಅದರ ಸಾರ. ಒಂದು ವಾರ ಬಿಟ್ಟು "ಯಾವ ಭಾಗ ಇನ್ನೂ ನೆನಪಿದೆ?" ಎಂದು ಕೇಳಿ ನೋಡಿ. ಒಬ್ಬೊಬ್ಬ ಮಗು ಒಂದೊಂದು ಹೇಳುತ್ತದೆ. ಅಲ್ಲಿಂದ ಚರ್ಚೆ ಬೆಳೆಯುತ್ತದೆ.

ಮಾಡಿಸಬಾರದ ಚಟುವಟಿಕೆಗಳೂ ಇವೆ. ಕಾಗದದ ಗರಿಯ ಕಿರೀಟ, ಪವಿತ್ರ ಮುಖವಾಡದ ನಕಲು, "ನಿಮ್ಮದೇ ಒಂದು ಮೂಲನಿವಾಸಿ ಕಥೆ ಬರೆಯಿರಿ" ಎಂಬ ಹೋಂವರ್ಕ್. ದೈವದ ವೇಷ ಹಾಕಿ ವೇದಿಕೆಯಲ್ಲಿ ಕುಣಿದಾಗ ತುಳುನಾಡಿನವರು ಯಾಕೆ ನೊಂದುಕೊಂಡರು ಎಂದು ತಿಳಿದವರಿಗೆ ಇದನ್ನು ವಿವರಿಸಬೇಕಿಲ್ಲ. ಅದರ ಬದಲು ಮಕ್ಕಳು ಕಥೆಯಲ್ಲಿ ಬಂದ ಹೊಳೆ, ಗಿಡ, ಪ್ರಾಣಿಯನ್ನು ಶಾಲೆಯ ಹತ್ತಿರ ಹುಡುಕಲಿ, ಅವುಗಳ ಹೆಸರನ್ನು ಆ ಜನರ ನುಡಿಯಲ್ಲಿ ಕಲಿಯಲಿ.

ವಸತಿಶಾಲೆಯ ಕಥನ ಇನ್ನೂ ಸೂಕ್ಷ್ಮ. ಚಿಕ್ಕ ತರಗತಿಗಳಲ್ಲಿ ಕಿತ್ತಳೆ ಅಂಗಿಯಷ್ಟು ಸಾಕು: 1973ರಲ್ಲಿ ಆರು ವರ್ಷದ ಫಿಲಿಸ್ ವೆಬ್‌ಸ್ಟಾಡ್ ಅಜ್ಜಿ ಕೊಡಿಸಿದ ಹೊಸ ಅಂಗಿ ತೊಟ್ಟು ಹೋದದ್ದು, ಶಾಲೆಯವರು ಮೊದಲ ದಿನವೇ ಅದನ್ನು ಕಿತ್ತುಕೊಂಡದ್ದು. ಸಾವು, ಹಿಂಸೆಯ ವಿವರ ಆ ವಯಸ್ಸಿಗೆ ಬೇಡ. ನಾಲ್ಕರಿಂದ ಆರರವರಿಗೆ ನಕ್ಷೆ, ನುಡಿ, ಮನೆಯಿಂದ ದೂರ. ಏಳು, ಎಂಟರ ಹೊತ್ತಿಗೆ ಡಾ. ಪೀಟರ್ ಬ್ರೈಸ್ 1907ರಲ್ಲೇ ಕ್ಷಯದಿಂದ ಮಕ್ಕಳು ಸಾಯುತ್ತಿರುವುದನ್ನು ವರದಿ ಮಾಡಿದ್ದು, ಸರ್ಕಾರ ಅದನ್ನು ಬದಿಗಿಟ್ಟದ್ದು. ಯಾವ ವಯಸ್ಸಿನಲ್ಲೂ ಅಭಿನಯ ಬೇಡ: ಮಕ್ಕಳನ್ನು "ಕಿತ್ತುಕೊಳ್ಳುವ" ಆಟ, ಕೂದಲು ಕತ್ತರಿಸುವ ನಟನೆ ನೋವಿನ ನೆನಪಿರುವ ಮನೆಯ ಮಗುವನ್ನು ಒಡೆದುಹಾಕುತ್ತವೆ. ತರಗತಿಯಲ್ಲಿರುವ ಮೂಲನಿವಾಸಿ ಮಗುವನ್ನು "ನಿಮ್ಮ ಮನೆಯಲ್ಲಿ ಏನಾಗಿತ್ತು ಹೇಳು" ಎನ್ನಬೇಡಿ. ಮನೆಯವರಿಗೆ ಒಂದು ವಾರ ಮುಂಚೆ ತಿಳಿಸಿ. ವಸತಿಶಾಲೆಯಿಂದ ನೊಂದವರಿಗಾಗಿ ಹಗಲೂ ರಾತ್ರಿ ತೆರೆದಿರುವ ಸಹಾಯವಾಣಿ 1-866-925-4419 ಹಲಗೆಯ ಮೂಲೆಯಲ್ಲಿ ಬರೆದಿರಲಿ.

ಇದು ಶಾಲೆಯವರ ಕೆಲಸ, ವಲಸೆ ಬಂದ ನಮಗೇನು ಎನ್ನುವವರಿಗೆ ಒಂದು ಮಾತು. ಆಯೋಗದ 94ನೆಯ ಕರೆಯಂತೆ 2021ರ ಜೂನ್‌ನಲ್ಲಿ ಪೌರತ್ವದ ಪ್ರತಿಜ್ಞೆ ಬದಲಾಯಿತು. ಅದಾದ ಮೇಲೆ ಪೌರರಾದ ಪ್ರತಿಯೊಬ್ಬ ಕನ್ನಡಿಗರೂ ಮೂಲನಿವಾಸಿಗಳ ಹಕ್ಕು, ಒಪ್ಪಂದದ ಹಕ್ಕುಗಳನ್ನು ಗುರುತಿಸುವ ಸಂವಿಧಾನಕ್ಕೆ ಬದ್ಧರಾಗಿರುತ್ತೇವೆಂದು ಕೈಯೆತ್ತಿ ಹೇಳಿದವರೇ. ಕನ್ನಡ ತರಗತಿಯಲ್ಲಿ ರಾಜ್ಯೋತ್ಸವದ ಹಾಡಿಗೆ ಮುಂಚೆ ನೆಲದ ಒಪ್ಪಂದವನ್ನು ಕನ್ನಡದಲ್ಲೇ, ಹೆಸರು ಇಸವಿ ಸಮೇತ ಹೇಳಬಹುದು. ಮಕ್ಕಳು ಕಲಿತ ಕಥೆಯನ್ನು ಅಲ್ಲಿ ಕನ್ನಡದಲ್ಲಿ ಹೇಳಲು ಆಸೆಪಟ್ಟರೆ, ಅನುವಾದಕ್ಕೂ ಅನುಮತಿ ಬೇಕು. ಹೇಳಿದವರನ್ನೇ ಕೇಳಬೇಕು.

ಅನುಮತಿ ಸಿಗುವುದು ಆ ತರಗತಿಗೆ, ಆ ವರ್ಷಕ್ಕೆ. ಮಕ್ಕಳ ಚಿತ್ರ, ಪತ್ರಗಳನ್ನು ಎರಡು ವಾರದೊಳಗೆ ಹಿರಿಯರಿಗೆ ಕಳಿಸಿ. ಅವರ ಸಮುದಾಯದ ಭಾಷಾ ತರಗತಿಗೆ ಪುಸ್ತಕ, ಸಾಮಾನು ಏನಾದರೂ ಬೇಕೇ ಎಂದು ವಿಚಾರಿಸಿ. ಮುಂದಿನ ವರ್ಷ ಶಿಕ್ಷಕರು ಬದಲಾದರೆ, ಹೊಸಬರನ್ನು ಹಳಬರೇ ಕರೆದುಕೊಂಡು ಹೋಗಿ ಪರಿಚಯಿಸಬೇಕು. ಹೊಸಬರು ಮತ್ತೆ ತಂಬಾಕು ಕಟ್ಟಿಕೊಂಡು ಹೋಗಿ, ಮೊದಲಿಂದ ಕೇಳಬೇಕು.